ತಾವಾಗಿಯೇ ಬಿಟ್ಟರಂತೆ

ನ್ಯೂ ಲೀರ್, ಅಯೋವಾ
೯ ಫೆಬ್ರುವರಿ ೧೯೭೬

ಪ್ರೀತಿಯ ಅಣ್ಣ ಐಲರ್ಟ್,

ನಿನ್ನ ಮೊಣಕಾಲು ಹೇಗಿದೆ ಎಂದು ಕೇಳಿ ಈ ಕಾಗದ ಶುರು ಮಾಡಬೇಕೆಂದಿದ್ದೆ. ಆಗುತ್ತಿಲ್ಲ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓರೆಕೋರೆಯಾದರೆ ಸಹಿಸಿಕೋ.

ದೇಶ ಹುಟ್ಟಿ ಇನ್ನೂರು ವರ್ಷವಾಯಿತೆಂದು ಇಲ್ಲಿ ಊರೂರಲ್ಲೂ ಬಾವುಟ, ಬ್ಯಾಂಡು. ನಮ್ಮ ಟಾಲ್‌ಮನ್ ಕೌಂಟಿಯವರು ಒಂದು ಪುಸ್ತಕ ತರುತ್ತಿದ್ದಾರೆ, 'ಕೌಂಟಿಯ ಚಾರಿತ್ರಿಕ ಮನೆಗಳು, ಹೊಲಗಳು, ಚರ್ಚುಗಳು' ಎಂದು. ಜುಲೈ ಮೂರಕ್ಕೆ ಬಸ್ಸುಗಳಲ್ಲಿ ಜನರನ್ನು ತುಂಬಿಕೊಂಡು ಇಪ್ಪತ್ತನಾಲ್ಕು ಜಾಗ ತೋರಿಸುತ್ತಾರಂತೆ. ಒಂಬತ್ತನೆಯದು ಕ್ರಾಂಡಲ್ ಮನೆ. ಹತ್ತನೆಯದು ಅದರೆದುರು ರಸ್ತೆಯಾಚೆಗಿರುವ ನಮ್ಮ ಸೇಂಟ್ ಜಾನ್ ಚರ್ಚು. ಅಚ್ಚಿಗೆ ಹೋಗುವ ಮುಂಚೆ ನೋಡಿಕೊಡಿ ಎಂದು ಚರ್ಚಿನ ಹಾಳೆಯನ್ನು ನನಗೆ ಕಳಿಸಿದರು. ಇಟ್ಟಿಗೆ ಎಲ್ಲಿಂದ ಬಂತು, ಗಂಟೆ ಎಷ್ಟು ತೂಕ, ಎಲ್ಲ ಸರಿಯಾಗಿ ಬರೆದಿದ್ದಾರೆ. ಕೊನೆಯ ಸಾಲು ಓದು:

"ಮೊದಲ ಮಹಾಯುದ್ಧದ ಕಾಲದಲ್ಲಿ ಸಭೆಯವರು ದೇಶಪ್ರೇಮದಿಂದ ತಾವಾಗಿಯೇ ಜರ್ಮನ್ ಭಾಷೆಯನ್ನು ಬಿಟ್ಟು ಇಂಗ್ಲಿಷಿಗೆ ಬಂದರು."

ತಾವಾಗಿಯೇ! ನಾನು ಆ ಹಾಳೆಯನ್ನು ಒಲೆಗೆ ಹಾಕಲು ಹೊರಟಿದ್ದೆ. ಆಮೇಲೆ, ಇಲ್ಲ, ಇದನ್ನು ತಿದ್ದಲೇಬೇಕು ಅಂದುಕೊಂಡೆ. ನಿಜವಾಗಿ ನಡೆದದ್ದನ್ನು ಸಮಿತಿಗೆ ಬರೆದುಕೊಡುತ್ತೇನೆ. ನನಗಾಗ ಹನ್ನೆರಡು, ನಿನಗೆ ಹದಿನಾರು. ನಾನು ಬರೆದದ್ದನ್ನು ಕೆಳಗೆ ಕೊಟ್ಟಿದ್ದೇನೆ. ತಪ್ಪಿದ್ದರೆ ತಿದ್ದು.

"೧೯೧೮ರ ಆಗಸ್ಟ್ ಹತ್ತು, ಶನಿವಾರ, ಮಧ್ಯಾಹ್ನ ಎರಡು ಗಂಟೆ. ನಮ್ಮ ಅಜ್ಜಿ ಗೇಸ್ಕೆ ಡಿರ್ಕ್ಸನ್‌ಳ ಮಣ್ಣು. ಶಾಲೆಯಲ್ಲಾಗಲಿ ಬೀದಿಯಲ್ಲಾಗಲಿ ಫೋನಿನಲ್ಲಾಗಲಿ ಚರ್ಚಿನಲ್ಲಾಗಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದೆಂದು ಜರ್ಮನಿಯೊಡನೆ ಯುದ್ಧ ನಡೆದಿದ್ದ ಆ ಬೇಸಿಗೆಯಲ್ಲಿ ಗವರ್ನರರ ಆಜ್ಞೆಯಾಗಿತ್ತು. ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಅವಳನ್ನು ಅವಳಿಗೆ ತಿಳಿಯದ ಮಾತಿನಲ್ಲಿ ಕಳಿಸಲಾರೆ ಎಂದು ನಮ್ಮಪ್ಪ ಹಾರ್ಮ್, ಪಾದ್ರಿ ಬೌಮನ್ನರನ್ನು ಬೇಡಿಕೊಂಡ. ಕಿಟಕಿ ಬಾಗಿಲು ಮುಚ್ಚಿ, ಮೆಲುದನಿಯಲ್ಲಿ ಪಾದ್ರಿ ಜರ್ಮನ್ ಪ್ರಾರ್ಥನೆ ಶುರು ಮಾಡಿದರು. ಹತ್ತು ನಿಮಿಷವೂ ಆಗಿರಲಿಲ್ಲ. ಹಾಲ್ಸಿ ಪಟ್ಟಣದಿಂದ ಹನ್ನೆರಡು ಕಾರು ಬಂದವು. ಮುಂದೆ ದವಸದ ವ್ಯಾಪಾರಿ ಲಮಾಂಟ್ ಸ್ಟೊಡರ್ಡ್. ಹಾಡಹಗಲೇ ಪಾದ್ರಿಯನ್ನು ಮೆಟ್ಟಿಲ ಮೇಲೆ ಎಳೆತಂದು ಮುಖಕ್ಕೂ ಗಡ್ಡಕ್ಕೂ, ದೇಶದ್ರೋಹಿಗಳಿಗೆ ಬಳಿಯುವ ಹಳದಿ ಬಣ್ಣ ಬಳಿದರು. ಚರ್ಚಿನ ಬಾಗಿಲಿಗೂ ಬಳಿದರು. ಅಪ್ಪನನ್ನು ಮಂಡಿಯೂರಿಸಿ ಬಾವುಟಕ್ಕೆ ಮುತ್ತಿಡಿಸಿದರು. ಅಜ್ಜಿಯನ್ನು ಒಂದು ಮಾತೂ ಇಲ್ಲದೆ ಹೂತೆವು. ಸೋಮವಾರ ಪಾದ್ರಿ ರೈಲು ಹತ್ತಿದಾಗ ಅವರ ಕಿವಿಯ ಹಿಂದೆ ಇನ್ನೂ ಹಳದಿ ಇತ್ತು. ಅವರು ಮತ್ತೆ ಈ ಕೌಂಟಿಗೆ ಬರಲಿಲ್ಲ."

ಚಾಡಿ ಹೇಳಿದವರು ಯಾರೆಂಬುದನ್ನೂ ಬರೆಯುತ್ತೇನೆ. ಹೆಣದ ಗಾಡಿಗೆ ಕುದುರೆ ಕೊಟ್ಟವನು ಅಮೋಸ್ ಕ್ರಾಂಡಲ್. ಇಂಗ್ಲಿಷ್ ಮಾತಿನವರ ಪೈಕಿ ಹೊತ್ತು ಗೊತ್ತಿದ್ದವನು ಅವನೊಬ್ಬನೇ. ಆ ಗುಂಪು ಅವನ ಕೂದಲೂ ಕೊಂಕಿಸಲಿಲ್ಲ. ಅಪ್ಪ ಅವತ್ತೇ ಅವನ ಜೊತೆ ಮಾತು ಬಿಟ್ಟ, ನಾವೂ ಬಿಟ್ಟೆವು. ಈಗ ಆ ಮನೆಗೆ ಹಿತ್ತಾಳೆಯ ಫಲಕ ಹೊಡೆಯುತ್ತಾರಂತೆ!

ನಾನು ಒಳಗೆ ಅಮ್ಮನ ಶಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ನೀನು ಹೊರಗೆ ಕುದುರೆ ಹಿಡಿದು ನಿಂತಿದ್ದೆ. ಯಾರ್‍ಯಾರ ಮುಖ ಕಂಡೆ, ಎಲ್ಲ ಬರೆದು ಸಹಿ ಹಾಕಿ ಕಳಿಸು. ಏಪ್ರಿಲ್ ಏಳಕ್ಕೆ ಸಭೆ.

ನಿನ್ನ ತಂಗಿ,
ಹಿಲ್ಕಾ


ಆಸ್ಟೋರಿಯ, ಆರೆಗಾನ್
೨೪ ಫೆಬ್ರುವರಿ ೧೯೭೬

ಪ್ರೀತಿಯ ಹಿಲ್ಕಾ,

ಮೊಣಕಾಲು ಹಾಗೇ ಇದೆ. ಇಳಿಯುವಾಗ ನೋವು, ಹತ್ತುವಾಗ ಇಲ್ಲ. ಹಾಗಾಗಿ ಇಳಿಯುವುದನ್ನೇ ಬಿಟ್ಟಿದ್ದೇನೆ. ಪಕ್ಕದ ಮನೆಯ ಫಿನ್ಲೆಂಡಿನವಳು ಹೊಗೆಯಾಡಿಸಿದ ಮೀನು ತಂದುಕೊಡುತ್ತಾಳೆ, ಅರ್ಧ ನನಗೆ, ಅರ್ಧ ಬೆಕ್ಕಿಗೆ.

ನೀನು ಬರೆದದ್ದೆಲ್ಲ ಸರಿಯಾಗಿದೆ. ತಿದ್ದಲು ಏನಿಲ್ಲ. ಆದರೆ ಅಷ್ಟೆಲ್ಲ ಯಾಕೆ? 'ತಾವಾಗಿಯೇ' ಎಂಬ ಒಂದು ಪದ ತೆಗೆಸಿಬಿಡು. ಸಾಲು ನೆಟ್ಟಗಾಗುತ್ತದೆ. ಐವತ್ತೆಂಟು ವರ್ಷವಾಯಿತು ಕಣೇ. ಅವತ್ತು ಬಂದಿದ್ದವರು ಒಬ್ಬರೂ ಬದುಕಿಲ್ಲ. ಕ್ರಾಂಡಲ್ ಹೆಸರು ಬೇಡ. ಅಮೋಸನ ಮಗ ರಾಯ್ ನನ್ನ ಸರೀಕ, ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅವರಪ್ಪನನ್ನು ಗೋರಿಯಿಂದ ಎಬ್ಬಿಸಿ ಏನು ಸಿಗುತ್ತದೆ?

ಕಣ್ಣು ಮಂಜಾಗಿದೆ. ಉದ್ದ ಬರೆಯಲಾರೆ.

ನಿನ್ನ,
ಅಲ್


ನ್ಯೂ ಲೀರ್
೩ ಮಾರ್ಚ್ ೧೯೭೬

ಐಲರ್ಟ್,

'ಅಲ್' ಎಂದು ಸಹಿ ಹಾಕಿದ್ದೀಯ. ಲಕೋಟೆಯ ಮೇಲೆ 'ಅಲ್ ಡಿಕ್ಸನ್'. ಹೆಸರು ಬದಲಾಯಿಸಿಕೊಂಡು ಐವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ನೆಮ್ಮದಿಯಾಗಿದ್ದವನಿಗೆ ಇದೆಲ್ಲ 'ಯಾಕೆ' ಅನಿಸುವುದು ಸಹಜ. ಇಲ್ಲಿ ಉಳಿದವಳು ನಾನು. ಪ್ರತಿ ಭಾನುವಾರ ಆ ಬಾಗಿಲು ದಾಟಿ ಒಳಗೆ ಹೋಗಿದ್ದೇನೆ. ಬಿಸಿಲು ಬಿದ್ದಾಗ ಬಿಳಿ ಬಣ್ಣದ ಕೆಳಗಿನಿಂದ ಆ ಹಳದಿ ಈಗಲೂ ಎದ್ದು ಕಾಣುತ್ತದೆ. ಅಪ್ಪ ಸಾಯುವ ತನಕ ಬಾವುಟ ಕಂಡಲ್ಲೆಲ್ಲ ಟೋಪಿ ತೆಗೆದು ತಲೆ ತಗ್ಗಿಸುತ್ತಿದ್ದ. ಭಕ್ತಿಯಿಂದಲ್ಲ, ಭಯದಿಂದ. ನೀನು ಅದನ್ನು ನೋಡಲಿಲ್ಲ, ಮುಂದಿನ ವಸಂತಕ್ಕೇ ಹೊರಟುಹೋದೆ.

ಸಮಿತಿಯ ಅಧ್ಯಕ್ಷೆ ಬೆವರ್ಲಿ ಸ್ಟೊಡರ್ಡ್ ಮನೆಗೇ ಬಂದಿದ್ದಳು. ಹೌದು, ಅದೇ ಸ್ಟೊಡರ್ಡ್. ಆ ಲಮಾಂಟನ ಮೊಮ್ಮಗನ ಹೆಂಡತಿ. ಕಲ್ಲುಸಕ್ಕರೆ ಹಾಕಿ ಟೀ ಕೊಟ್ಟೆ. ಕಾಫಿ ಇಲ್ಲವೇ ಎಂದಳು.

"ಮಿಸೆಸ್ ಕ್ರೂಸ್, ಇದು ಹಬ್ಬದ ಪುಸ್ತಕ. ಜನ ಮಕ್ಕಳು ಮರಿ ಕರ್ಕೊಂಡು ಬರ್ತಾರೆ. ಬಣ್ಣ ಬಳಿದ್ರು, ಮಂಡಿ ಊರಿಸಿದ್ರು, ಇದೆಲ್ಲ ಯಾಕೆ ಹೇಳಿ?"

"ಹಾಗಾದ್ರೆ ತಾವಾಗಿಯೇ ಅಂತ ಯಾಕೆ ಬರೆದ್ರಿ?"

"ಯಾರೂ ದೂರು ಕೊಟ್ಟಿಲ್ವಲ್ಲ. ಕೋರ್ಟಲ್ಲಿ ಒಂದು ಕಾಗದ ಇಲ್ಲ. ನಾನೇ ಹೋಗಿ ಹುಡುಕಿದೀನಿ."

"ನಮ್ಮಪ್ಪ ಯಾರಿಗೆ ಕೊಡ್ಬೇಕಿತ್ತಮ್ಮ ದೂರು? ಎರಡನೇ ಕಾರಲ್ಲಿ ಷರೀಫನೇ ಕೂತಿದ್ದ."

ಅವಳು ಲೋಟ ಕೆಳಗಿಟ್ಟಳು. "ನೀವಾಗ ಚಿಕ್ಕೋರು. ಕಣ್ಣಾರೆ ಕಂಡ ದೊಡ್ಡೋರು ಯಾರಾದ್ರೂ ಇದ್ದಾರಾ?"

"ನಮ್ಮಣ್ಣ ಇದ್ದಾನೆ. ಹೊರಗಡೆ ನಿಂತು ಎಲ್ಲ ನೋಡಿದಾನೆ."

"ಹಾಗಾದ್ರೆ ಅವರ ಕೈಲಿ ಬರೆಸಿ ತನ್ನಿ, ನೋಡೋಣ."

ಕೇಳಿದೆಯಾ? ನನ್ನ ಮಾತಿಗೆ ಬೆಲೆಯಿಲ್ಲ, ನಿನ್ನ ಒಂದು ಹಾಳೆಗೆ ಇದೆ. ಕಣ್ಣು ಮಂಜಾಗಿದ್ದರೆ ಆ ಮೀನಿನವಳ ಕೈಯಲ್ಲಿ ಬರೆಸು. ಫೋನ್ ಮಾಡಬೇಡ, ನನಗೆ ಫೋನಿನಲ್ಲಿ ಕಿವಿ ಕೇಳಿಸದು. ಬರೆದು ಕಳಿಸು.

ಹಿಲ್ಕಾ


ಆಸ್ಟೋರಿಯ
೧೨ ಮಾರ್ಚ್ ೧೯೭೬

ಹಿಲ್ಕಾ,

ಸ್ಟೊಡರ್ಡ್ ಹೆಸರು ಬರೆ. ಷರೀಫನ ಹೆಸರು ಬರೆ. ಅವರನ್ನು ನಾನು ಕಂಡದ್ದು ನಿಜ, ಬೇಕಾದರೆ ಇದನ್ನೇ ತೋರಿಸು. ಆದರೆ ಕ್ರಾಂಡಲ್ ಹೆಸರು ಎತ್ತಬೇಡ. ಅಮೋಸ್ ಅಲ್ಲ. ನನಗೆ ಗೊತ್ತು. ಹೇಗೆ ಗೊತ್ತೆಂದು ಕೇಳಬೇಡ. ಅಣ್ಣನ ಮಾತೆಂದು ಇದೊಂದನ್ನು ನಡೆಸಿಕೊಡು.

ಐಲರ್ಟ್


ನ್ಯೂ ಲೀರ್
೮ ಏಪ್ರಿಲ್ ೧೯೭೬

ಅಣ್ಣ,

ನಿನ್ನ ಆರು ಸಾಲಿನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ಎಲ್ಲರಿಗೂ ಒಳ್ಳೆಯವನಾಗಬೇಕು ನಿನಗೆ, ಚಿಕ್ಕಂದಿನಿಂದಲೂ ಹಾಗೇ. ಹಳೆಯ ಗೆಳೆಯನ ಮುಖ ನೋಡಿಕೊಂಡು ಹೀಗೆ ಬರೆದಿದ್ದೀಯ ಎಂದು ನನಗೆ ಅರ್ಥವಾಯಿತು. ನೀನು ಮಾಡಲಾರದ್ದನ್ನು ನಾನೇ ಮಾಡಿದೆ.

ನಿನ್ನೆ ಹಾಲ್ಸಿ ಶಾಲೆಯ ಹಾಲ್ ತುಂಬಿತ್ತು. ನನ್ನ ಸರದಿ ಬಂದಾಗ ಎದ್ದು ನಿಂತು ಓದಿದೆ. ಹಳದಿ ಬಣ್ಣದ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಮ್ಮ ಚರ್ಚಿನ ಮುದುಕಿಯರು ಮೂವರು ಅಳುತ್ತಿದ್ದರು. ಆಮೇಲೆ, "ಇದನ್ನ ಹೇಳಿಕೊಟ್ಟೋನು ಅಮೋಸ್ ಕ್ರಾಂಡಲ್. ಒಂಬತ್ತನೇ ನಂಬರಿನ ಮನೆ ಯಜಮಾನ" ಎಂದೆ.

ರಾಯ್ ಎದ್ದ. ಅವನಿಗೂ ಎಪ್ಪತ್ತನಾಲ್ಕು, ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದ.

"ಹಿಲ್ಕಾ, ನಮ್ಮಪ್ಪ ಅಂಥಾ ಕೆಲಸ ಮಾಡೋರಲ್ಲ."

"ಹಾಗಾದ್ರೆ ಯಾರು ಮಾಡಿದ್ದು? ನೀನೇ ಹೇಳು."

ಅವನು ಟೋಪಿ ತೆಗೆದುಕೊಂಡು ಹೊರಗೆ ಹೋದ. ಹೆಂಡತಿ ಲೋಯಿಸ್ ಹಿಂದೆಯೇ ಓಡಿದಳು, ಕೈಚೀಲವನ್ನು ಕುರ್ಚಿಯ ಮೇಲೇ ಮರೆತು.

ಈಗ ಕೇಳು. ಬೆವರ್ಲಿ ಅಲ್ಲೇ ಎದ್ದು 'ತಾವಾಗಿಯೇ' ತೆಗೆಯುತ್ತೇವೆ ಎಂದಳು. ಅದರ ಜಾಗದಲ್ಲಿ 'ನೆರೆಯವನೊಬ್ಬನ ಚಾಡಿಯಿಂದ ನಡೆದ ಅಹಿತಕರ ಘಟನೆಯ ನಂತರ' ಎಂದು ಹಾಕುತ್ತಾರೆ. ಕ್ರಾಂಡಲ್ ಮನೆಯನ್ನು ಪಟ್ಟಿಯಿಂದಲೇ ಹೊಡೆದು ಹಾಕಿದರು. ಅಷ್ಟು ಬೇಗ ಒಪ್ಪುತ್ತಾಳೆಂದು ನಾನು ಎಣಿಸಿರಲಿಲ್ಲ. ಸ್ಟೊಡರ್ಡ್ ಹೆಸರು ಮಾತ್ರ ಸೇರಿಸಲಿಲ್ಲ, ಜಾಗ ಸಾಲದಂತೆ. ಅದಕ್ಕೆ ಇನ್ನೊಮ್ಮೆ ಜಗಳವಾಡುತ್ತೇನೆ.

ಗೆದ್ದೆ ಅಣ್ಣ. ಆದರೂ ಬೆಳಗಿನಿಂದ ಒಂದು ತುತ್ತು ಒಳಗೆ ಇಳಿದಿಲ್ಲ. ವಯಸ್ಸಾಯಿತಲ್ಲ, ಸಿಟ್ಟು ಅರಗುವುದಿಲ್ಲ.

ಹಿಲ್ಕಾ


ಆಸ್ಟೋರಿಯ
೫ ಏಪ್ರಿಲ್ ೧೯೭೬

ಹಿಲ್ಕಾ,

ಇದು ಏಳನೆಯ ತಾರೀಖಿನೊಳಗೆ ನಿನ್ನ ಕೈ ಸೇರಲಿ. ಮೂರು ವಾರದಿಂದ ಬರೆದು ಬರೆದು ಹರಿಯುತ್ತಿದ್ದೇನೆ. ಇವತ್ತು ಹರಿಯುವುದಿಲ್ಲ.

ಹೇಳಿದವನು ನಾನು.

ಅಜ್ಜಿ ತೀರಿಕೊಂಡದ್ದು ಗುರುವಾರ. ಮಾರನೆಯ ದಿನ ಅಪ್ಪ ನನ್ನನ್ನು ಓಟ್ಸ್ ಚೀಲ ಹಾಕಿಬರಲು ಹಾಲ್ಸಿಗೆ ಕಳಿಸಿದ. ಆ ಬೇಸಿಗೆಯೆಲ್ಲ ಪಟ್ಟಣದ ಹುಡುಗರು ನನ್ನನ್ನು ಜರ್ಮನಿಯ ದೊರೆಯ ಹೆಸರಿಟ್ಟು ಕೈಸರ್ ಎಂದೇ ಕರೆಯುತ್ತಿದ್ದರು. ಅವತ್ತೂ ಕೂಗಿದರು. ಸ್ಟೊಡರ್ಡ್ ಹೊರಗೆ ಬಂದು ಅವರನ್ನು ಗದರಿಸಿ ಓಡಿಸಿದ. ನನ್ನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದ.

"ನಿನ್ನ ನೋಡಿದ್ರೆ ಒಳ್ಳೇ ಅಮೆರಿಕದ ಹುಡುಗನ ಥರಾನೇ ಇದ್ದೀಯಪ್ಪ. ಹೌದೋ ಅಲ್ಲವೋ?"

"ಹೌದು ಸರ್."

"ಅಜ್ಜಿ ಹೋದ್ರಂತೆ, ಪಾಪ. ಮಣ್ಣು ಯಾವಾಗ?"

"ನಾಳೆ ಎರಡು ಗಂಟೆಗೆ."

"ಯಾವ ಮಾತಲ್ಲಿ ಮಾಡ್ತಾರೆ?"

ನಾನು ಹೇಳಿದೆ. ಹೆದರಿ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆಮ್ಮೆಯಿಂದ ಹೇಳಿದೆ. ಅವನು ತನ್ನ ಕೋಟಿನಿಂದ ಬಾವುಟದ ಪಿನ್ನು ತೆಗೆದು ನನ್ನ ಅಂಗಿಗೆ ಚುಚ್ಚಿದ. ಪಾದ್ರಿಗೆ ಒಂದು ಎಚ್ಚರಿಕೆಯ ಕಾಗದ ಬರಬಹುದು ಅಂದುಕೊಂಡಿದ್ದೆ. ಕಾರುಗಳ ಸದ್ದು ಕೇಳಿದಾಗ ತಿಳಿಯಿತು.

ಅಮೋಸ್ ನನ್ನ ಪಕ್ಕದಲ್ಲೇ ಇದ್ದ. ಪಾದ್ರಿಯನ್ನು ಎಳೆದು ತಂದಾಗ "ಏಯ್, ಬಿಡ್ರೋ ಅವರನ್ನ! ಮನುಷ್ಯರೇನ್ರೋ ನೀವು?" ಎಂದು ಕೂಗಿಕೊಂಡು ಮೆಟ್ಟಿಲಿನತ್ತ ನುಗ್ಗಿದ. ಷರೀಫ್ ಅವನ ಎದೆಗೆ ಕೋವಿಯ ಹಿಡಿ ಒತ್ತಿ ಬೇಲಿಗೆ ಆನಿಸಿ ನಿಲ್ಲಿಸಿದ. ಅದು ಚರ್ಚಿನ ಮಗ್ಗುಲು, ಕಿಟಕಿಗಳು ಮುಚ್ಚಿದ್ದವು, ನಿಮಗ್ಯಾರಿಗೂ ಕಾಣಲಿಲ್ಲ. ನನಗೆ ಕಂಡಿತು. ಅವತ್ತು ಸಂಜೆ ಊಟಕ್ಕೆ ಕೂತಾಗ ಅಪ್ಪ, "ಇದು ಅಮೋಸ್‌ದೇ ಕೆಲಸ" ಎಂದ. ನಾನು ಆಲೂಗಡ್ಡೆಯ ಬಟ್ಟಲನ್ನು ನಿನ್ನ ಕಡೆ ದಾಟಿಸಿದೆ. ಬಾಯಿ ಬಿಡಲಿಲ್ಲ. ಎಂಟು ತಿಂಗಳು ಅವನ ಮನೆಯ ಮುಂದೆ ತಲೆ ತಗ್ಗಿಸಿ ಓಡಾಡಿ, ಆಮೇಲೆ ಓಡಿಬಂದೆ. ಹೆಸರು ಬದಲಾಯಿಸಿದ್ದು ನಾಚಿಕೆಯಿಂದ. ನೀನು ಅಂದುಕೊಂಡ ನಾಚಿಕೆಯಲ್ಲ.

ಸಭೆಯಲ್ಲಿ ನನ್ನ ಹೆಸರು ಹೇಳು.

ಐಲರ್ಟ್ ಡಿರ್ಕ್ಸನ್


ನ್ಯೂ ಲೀರ್
೧೯ ಏಪ್ರಿಲ್ ೧೯೭೬

ನಿನ್ನ ಕಾಗದ ಬಂದದ್ದು ಹತ್ತನೆಯ ತಾರೀಖು. ಮೂರು ದಿನ ತಡ. ಅದಕ್ಕೆ ಟಪಾಲಿನವರನ್ನು ಬೈಯಲಾರೆ. ನೀನು ಐವತ್ತೆಂಟು ವರ್ಷ ತಡ ಮಾಡಿದವನು.

ಒಂದು ಸಂಗತಿ ನಾನೂ ನಿನಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತೇನೆ. ನೀನು ಕೂತು ಓದಬೇಕು.

೧೯೩೬ರ ಫೆಬ್ರುವರಿಯಲ್ಲಿ ನನ್ನ ಮೆನ್ನೊ ಸತ್ತಾಗ, ಹಿಮ ಬಿದ್ದು ದಾರಿ ಕಟ್ಟಿತ್ತು, ಡಾಕ್ಟರ ಬಳಿಗೆ ಒಯ್ಯಲಾಗಲಿಲ್ಲ ಎಂದು ನಿನಗೆ ಬರೆದಿದ್ದೆ. ನೀನು ಒಂದು ಒಳ್ಳೆಯ ಕಾಗದ ಬರೆದಿದ್ದೆ, ದೇವರ ಇಚ್ಛೆ ಎಂದು. ದೇವರ ಇಚ್ಛೆಯಲ್ಲ ಅದು. ನನ್ನ ಗಂಡ ಉಬ್ಬೆ ದನ ಮಾರಲು ಹಾಲ್ಸಿಗೆ ಹೋದವನು ಹಿಮದಿಂದ ಅಲ್ಲೇ ಸಿಕ್ಕಿಬಿದ್ದಿದ್ದ. ನಾಲ್ಕು ವರ್ಷದ ಮಗು, ಎರಡು ದಿನದಿಂದ ಜ್ವರ, ಉಸಿರಾಡುವಾಗ ಪಕ್ಕೆಲುಬು ಒಳಗೆ ಹೋಗುತ್ತಿದ್ದವು. ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಅಂಗಳಕ್ಕೆ ಹಿಮಗಾಡಿ ಬಂತು. ರಾಯ್ ಕ್ರಾಂಡಲ್. ಎರಡು ಕುದುರೆ ಕಟ್ಟಿ, ಮುಕ್ಕಾಲು ಮೈಲಿ ಹಿಮ ಬಗೆದುಕೊಂಡು ಬಂದಿದ್ದ. ನಮ್ಮ ಕೆಲಸದವಳು ಹಿಂದಿನ ದಿನ ಅವರ ಬಾವಿಯ ಹತ್ತಿರ ಹೇಳಿದ್ದಳಂತೆ. ಗಾಡಿಯಲ್ಲಿ ಹುಲ್ಲು ಹಾಸಿ, ಬಿಸಿ ಇಟ್ಟಿಗೆಗಳನ್ನು ಕಂಬಳಿಯಲ್ಲಿ ಸುತ್ತಿಟ್ಟಿದ್ದ.

"ಹಿಲ್ಕಾ, ಮಗೂನ ಕೊಡು. ನೀನೂ ಬಾ, ಹತ್ತು ಗಂಟೆ ಒಳಗೆ ಡಾಕ್ಟರ ಮನೇಲಿರ್ತೀವಿ."

ನಾನು ಬಾಗಿಲ ಚಿಲಕ ಹಾಕಿದೆ. ಅಮೋಸನ ಮಗನ ಗಾಡಿ ಹತ್ತುವುದಿಲ್ಲ ಎಂದು ಒಳಗಿನಿಂದಲೇ ಕೂಗಿದೆ. ಅವನು ಬಡಿದ, ಬೇಡಿದ, ಎಷ್ಟೋ ಹೊತ್ತು ಅಂಗಳದಲ್ಲಿ ನಿಂತಿದ್ದ, ಆಮೇಲೆ ಹೋದ. ಉಬ್ಬೆ ಬಂದದ್ದು ಮಾರನೆಯ ಮಧ್ಯಾಹ್ನ. ಡಾಕ್ಟರ ಬಳಿಗೆ ಒಯ್ಯುವಾಗ ಮಗು ದಾರಿಯಲ್ಲೇ ಹೋಯಿತು.

ಉಬ್ಬೆ ಇದನ್ನು ತಿಳಿಯದೆಯೇ ಸತ್ತ. ಆ ಚಾಡಿಕೋರನ ಮನೆಯ ಉಪಕಾರ ಬೇಡವೆಂದದ್ದು ಸರಿ, ಅಪ್ಪನ ಮಾನ ಉಳಿಸಿದೆ ಎಂದು ನಲವತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಅದೊಂದರ ಮೇಲೆ ನಿಂತಿದ್ದೆ. ನೀನು ಅದನ್ನೂ ಎಳೆದುಬಿಟ್ಟೆ.

ಒಂದು ಕಾಗದ, ಐಲರ್ಟ್. ಅಪ್ಪನಿಗಲ್ಲದಿದ್ದರೆ ನನಗೆ. ೧೯೨೦ರಲ್ಲಿ, ೩೦ರಲ್ಲಿ, ಮೂರೇ ಸಾಲು: 'ಅಮೋಸ್ ಅಲ್ಲ, ನಾನು.' ಬೆಕ್ಕಿನ ವಿಷಯ, ಮೀನಿನ ವಿಷಯ, ಮೊಣಕಾಲಿನ ವಿಷಯ ಬರೆಯಲು ನಿನಗೆ ಪುರಸೊತ್ತಿತ್ತು.

ನಿನ್ನೆ ಈಸ್ಟರ್. ಪ್ರಾರ್ಥನೆ ಮುಗಿದ ಮೇಲೆ ರಸ್ತೆ ದಾಟಿ ಕ್ರಾಂಡಲ್ ಮನೆಗೆ ಹೋದೆ. ಕಾಲಿಟ್ಟದ್ದು ಇದೇ ಮೊದಲು. ಲೋಯಿಸ್ ಬಾಗಿಲು ತೆಗೆದಳು. ನಾನು ನಿನ್ನ ಕಾಗದ ಕೊಟ್ಟೆ. ಅವಳು ಅದನ್ನು ರಾಯ್‌ಗೆ ಗಟ್ಟಿಯಾಗಿ ಓದಿದಳು. ಅವಳು ಎರಡು ಸಲ ಓದಿದ್ದು ಒಂದೇ ಕಡೆ, ಷರೀಫ್ ಕೋವಿ ಒತ್ತಿದ ಕಡೆ.

"ನಮ್ಮ ಮಾವ ಇದನ್ನ ಯಾರಿಗೂ ಹೇಳಿರಲಿಲ್ಲ" ಎಂದಳು. "ಸಾಯೋ ವರೆಗೂ ಒಂದೇ ಮಾತು ಕೇಳ್ತಿದ್ರು. ಹಾರ್ಮ್ ಡಿರ್ಕ್ಸನ್ ಯಾಕಮ್ಮ ನನ್ ಜೊತೆ ಮಾತು ಬಿಟ್ಟ, ನಾನು ಅವತ್ತು ಅವರನ್ನ ಬಿಡಿಸಲಿಲ್ಲ ಅಂತಲಾ, ಅಂತ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಅಪ್ಪನ ತಪ್ಪು, ನನ್ನ ತಪ್ಪು, ಸಭೆಯಲ್ಲಿ ಆಡಿದ್ದು, ಎಲ್ಲಕ್ಕೂ ಒಟ್ಟಿಗೆ ಬಾಯಿ ತೆಗೆದೆ. ಯಾವುದೂ ನೆಟ್ಟಗೆ ಬರಲಿಲ್ಲ. ಕೊನೆಗೆ ಮೆನ್ನೊ ಎಂದೆ, ಅಷ್ಟೇ.

ರಾಯ್ ಕಿಟಕಿಯತ್ತ ನೋಡುತ್ತಿದ್ದ. "ಅವನ ಕೆಮ್ಮು ಗಾಡಿ ತನಕ ಕೇಳ್ತಿತ್ತು ಹಿಲ್ಕಾ" ಎಂದ. "ಬಾಗ್ಲು ಒಡೆದು ಎತ್ಕೊಂಡು ಹೋಗಿಬಿಡ್ಬೇಕಿತ್ತು. ನಾನು ಹೋಗ್ಬಾರ್ದಿತ್ತು."

ಕೇಳಿದೆಯಾ ಐಲರ್ಟ್? ಅವನು ತನ್ನದೇ ತಪ್ಪೆಂದುಕೊಂಡಿದ್ದಾನೆ. ಅವನು!

ನನಗೆ ಕಾಗದ ಬರೆಯಬೇಡ.

ಹಿಲ್ಕಾ ಕ್ರೂಸ್


ಆಸ್ಟೋರಿಯ
೧೧ ಮೇ ೧೯೭೬

ಹಿಲ್ಕಾ,

ನೀನು ಬರೆಯಬೇಡವೆಂದಿದ್ದೆ, ಆದರೂ ಇದೊಂದು. ಮೆನ್ನೊನ ಬಗ್ಗೆ ಬರೆಯಲು ನನ್ನಲ್ಲಿ ಮಾತಿಲ್ಲ. ಇದ್ದರೂ ಬರೆಯುವ ಹಕ್ಕಿಲ್ಲ.

ಇವತ್ತು ಹಾಲ್ಸಿಯ ವಾರಪತ್ರಿಕೆಗೆ ನನ್ನ ಹೇಳಿಕೆ ಕಳಿಸಿದ್ದೇನೆ. ಇಲ್ಲಿನ ನೋಟರಿಯ ಎದುರು ಸಹಿ ಮಾಡಿದೆ. "ನಿಮ್ಮ ಹೆಸರು ಡಿಕ್ಸನ್ ಅಲ್ಲವೇ?" ಎಂದು ಆತ ಕೇಳಿದ. ಹುಟ್ಟಿದ ಹೆಸರೇ ಬೇಕೆಂದು ಹೇಳಿ ಹಳೆಯ ಜನನಪತ್ರ ತೋರಿಸಿದೆ. ಸ್ಟೊಡರ್ಡ್ ಕೇಳಿದ್ದು, ನಾನು ಹೇಳಿದ್ದು, ಅಮೋಸ್ ಮಾಡಿದ್ದು, ಎಲ್ಲ ಇದೆ. ಅವರು ಅಚ್ಚು ಮಾಡದಿದ್ದರೆ ಒಂದು ಪ್ರತಿ ನಿನಗೂ ಒಂದು ಪ್ರತಿ ರಾಯ್‌ಗೂ ಬರುತ್ತದೆ. ನಿಮಗೆ ತೋಚಿದಂತೆ ಮಾಡಿ.

ನಾನು ಬರಬಹುದೇ? ಮೊಣಕಾಲಿನ ನೆಪ ಹೇಳುವುದಿಲ್ಲ. ಇಲ್ಲವೆಂದರೆ ಬರುವುದಿಲ್ಲ.

ಐಲರ್ಟ್


ನ್ಯೂ ಲೀರ್
೬ ಜುಲೈ ೧೯೭೬

ಐಲರ್ಟ್,

ಉತ್ತರಕ್ಕೆ ಎರಡು ತಿಂಗಳು ಹಿಡಿಯಿತು. ಬೇಗ ಬರೆದಿದ್ದರೆ ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದೆ.

ವಾರಪತ್ರಿಕೆಯವರು ನಿನ್ನ ಹೇಳಿಕೆಯನ್ನು ಜೂನ್ ಮೂರರಂದು ಹಾಕಿದರು, ಒಂದಕ್ಷರ ಬಿಡದೆ. ಅಷ್ಟರಲ್ಲಿ ಪುಸ್ತಕ ಅಚ್ಚಾಗಿ ಬಂದಾಗಿತ್ತು, 'ನೆರೆಯವನೊಬ್ಬನ ಚಾಡಿಯಿಂದ' ಎಂದೇ. ಬೆವರ್ಲಿ ಅಷ್ಟು ಬೇಗ ಒಪ್ಪಿದ್ದು ಯಾಕೆಂದು ನನಗೆ ಹೊಳೆದದ್ದೇ ಆಗ. ತಪ್ಪನ್ನು ಹೊರಲು ಒಂದು ಹೆಣ ಸಿಕ್ಕಿತ್ತು, ಅವರ ಮನೆಯದಲ್ಲದ ಹೆಣ. ಸಿಕ್ಕಿಸಿಕೊಟ್ಟವಳು ನಾನು. ಪತ್ರಿಕೆ ಹಿಡಿದುಕೊಂಡು ಅವಳ ಕಚೇರಿಗೇ ಹೋದೆ. ಲೋಯಿಸಳೂ ಬಂದಳು.

"ಎಂಟುನೂರು ಪ್ರತಿ ಅಚ್ಚಾಗಿದೆ. ಈಗ ಏನೂ ಮಾಡೋಕಾಗಲ್ಲ" ಎಂದಳು ಬೆವರ್ಲಿ.

"ಚೀಟಿ ಅಂಟಿಸೋಣ. ಕೈಯಲ್ಲೇ ಅಂಟಿಸ್ತೀವಿ" ಎಂದೆ.

"ಆಗ್ಲಿ, ಅಂಟಿಸಿ. ಆದ್ರೆ ನಮ್ಮ ಯಜಮಾನರ ತಾತನ ಹೆಸರು ಬೇಡ. ಅವರು ಈ ಊರಿಗೆ ಲೈಬ್ರರಿ ಕಟ್ಟಿಸಿಕೊಟ್ಟೋರು."

ಲೋಯಿಸ್ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ನಮ್ಮ ಮಾವನ ಮೇಲೆ ಹೊರಿಸೋವಾಗ ಯಾರನ್ನ ಕೇಳಿದ್ಯಮ್ಮ?" ಎಂದಳು. "ಇವಳ ಅಣ್ಣ ತನ್ನ ಹೆಸರನ್ನ ತಾನೇ ಬರ್ಕೊಟ್ಟಿದಾನೆ. ನಿಮ್ಮ ತಾತನದು ಬರೀತೀವಿ. ಲೈಬ್ರರಿದೂ ಬೇಕಾದ್ರೆ ಬರೀತೀವಿ, ಪಕ್ಕದಲ್ಲೇ."

ಆರು ಜನ ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ಕೂತು ನಾಲ್ಕು ದಿನ ಅಂಟಿಸಿದೆವು. ಚೀಟಿಯಲ್ಲಿ ಸ್ಟೊಡರ್ಡ್ ಇದ್ದಾನೆ, ಷರೀಫ್ ಇದ್ದಾನೆ, ಪಾದ್ರಿ ಬೌಮನ್ ಇದ್ದಾರೆ. 'ಹೇಳಿದವನು ಈ ಸಭೆಯದೇ ಹುಡುಗ ಐಲರ್ಟ್ ಡಿರ್ಕ್ಸನ್, ವಯಸ್ಸು ಹದಿನಾರು' ಎಂದಿದೆ. 'ತಡೆಯಲು ಮುಂದೆ ಬಂದವರು ಅಮೋಸ್ ಕ್ರಾಂಡಲ್ ಒಬ್ಬರೇ. ಅವ‌ರ ಮೇಲೆ ಸುಳ್ಳು ಹೊರಿಸಿದವಳು ಹಿಲ್ಕಾ ಕ್ರೂಸ್' ಎಂದೂ ಇದೆ. ಕೊನೆಯದನ್ನು ಲೋಯಿಸ್ ಬೇಡವೆಂದಳು. ನಾನು ಬಿಡಲಿಲ್ಲ.

ಶನಿವಾರ ಬಸ್ಸುಗಳು ಬಂದವು. ಕ್ರಾಂಡಲ್ ಮನೆಯನ್ನು ಮತ್ತೆ ಪಟ್ಟಿಗೆ ಸೇರಿಸಲು ಹೋದರೆ ರಾಯ್, "ನಮ್ಮನೇಲಿ ಏನಿದೆ ನೋಡೋಕೆ? ಚರ್ಚು ತೋರ್ಸಿ" ಎಂದುಬಿಟ್ಟ. ನಮ್ಮ ಚರ್ಚಿನಲ್ಲಿ ಇನ್ನೂರು ಜನ. ಚೀಟಿಯನ್ನು ನಾನೇ ನಿಂತು ಓದಿದೆ. ಕೆಲವರು ನಡುವೆಯೇ ಎದ್ದು ಬಸ್ಸಿಗೆ ಹೋದರು. "ಹಬ್ಬದ ದಿನ ಇದೆಲ್ಲ ಬೇಕಿತ್ತಾ?" ಎಂದು ಒಬ್ಬ ನನ್ನೆದುರೇ ಅಂದ. "ಮಣ್ಣಿನ ದಿನ ಬಣ್ಣ ಬೇಕಿತ್ತಾಪ್ಪ?" ಎಂದೆ. ಮುಖ ಕೆಂಪು ಮಾಡಿಕೊಂಡು ಹೋದ. ಉಳಿದವರು ಉಳಿದರು. ಒಬ್ಬಳು ಶಾಲೆಯ ಮೇಡಂ, ಸಣ್ಣ ವಯಸ್ಸಿನವಳು, ತನ್ನ ಮುತ್ತಜ್ಜನೂ ಆ ಕಾರುಗಳಲ್ಲಿ ಬಂದಿದ್ದನೇ ಎಂದು ಹೆಸರು ಹೇಳಿ ಕೇಳಿದಳು. ಗೊತ್ತಿಲ್ಲವೆಂದೆ. ನಿನಗೆ ಗೊತ್ತಿರಬಹುದು. ಬಂದು ಅವಳಿಗೆ ಹೇಳು. ಅವಳು ತಿಳಿಯಬೇಕೆನ್ನುತ್ತಾಳೆ.

ಬಾ ಎಂದು ಬರೆದೆನೆಂದು ಕ್ಷಮಿಸಿದೆನೆಂದುಕೊಳ್ಳಬೇಡ. ಹದಿನಾರರ ಹುಡುಗನ ಹೆಗಲಿಗೆ ಕೈ ಹಾಕಿ, ಅವನ ಅಜ್ಜಿಗೇ ಅವನಿಂದ ದ್ರೋಹ ಮಾಡಿಸಿದರಲ್ಲ, ಆ ಹುಡುಗನನ್ನು ನಾನು ಎಂದೋ ಕ್ಷಮಿಸಿದ್ದೇನೆ. ಅವನನ್ನು ನೆನೆದರೆ ನನಗೆ ಅಳು ಬರುತ್ತದೆ. ಆಮೇಲೆ ಐವತ್ತು ವರ್ಷ ಸುಮ್ಮನಿದ್ದ ಗಂಡಸನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ನನ್ನನ್ನೇ ಏನು ಮಾಡಿಕೊಳ್ಳಬೇಕೆಂದೂ ತಿಳಿದಿಲ್ಲ. ಲೋಯಿಸ್ ನಮ್ಮಿಬ್ಬರನ್ನೂ ಕ್ಷಮಿಸಿದ್ದೇನೆಂದು ಹೇಳುತ್ತಾಳೆ. ಅದು ಅವಳ ಗುಣ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಬಸ್ಸು ಈಗ ಕೂಡುರಸ್ತೆಯಲ್ಲೇ ನಿಲ್ಲಿಸುತ್ತಾರೆ. ಇಳಿದ ಮೇಲೆ ನಮ್ಮ ಮನೆಗೆ ಬರಬೇಡ. ನೇರವಾಗಿ ರಾಯ್ ಮನೆಗೆ ಹೋಗು. ಕಾಗದದಲ್ಲಿ ಬರೆದದ್ದನ್ನು ಅವನೆದುರು ನಿಂತು ಬಾಯಿಯಲ್ಲಿ ಹೇಳು, ಮೊದಲಿನಿಂದ ಕೊನೆಯ ತನಕ, ಏನನ್ನೂ ಬಿಡದೆ. ಯಾವ ದಿನವೆಂದು ತಿಳಿಸು. ನಾನು ಅಲ್ಲೇ ಕೂತಿರುತ್ತೇನೆ.

ಹಿಲ್ಕಾ